ಮೀಸೆಮೀನಿಗೆ ಮಡಚುವ ಚಾಕು ಸಿಕ್ಕಿದ್ದು

ಭೂಮಿ ಆಗಷ್ಟೇ ಹೆಂಚಿನಿಂದ ಇಳಿಸಿದ ರೊಟ್ಟಿಯ ಹಾಗೆ ಬಿಸಿಬಿಸಿಯಾಗಿದ್ದ ಕಾಲ ಅದು. ಗುಡ್ಡಗಳು ಇನ್ನೂ ಸರಿಯಾಗಿ ಕೂತಿರಲಿಲ್ಲ. ಹೊಳೆಗೆ ಯಾವ ಕಡೆ ಹರಿಯಬೇಕೆಂದು ಗೊತ್ತಿರಲಿಲ್ಲ, ಸಿಕ್ಕವರನ್ನೆಲ್ಲ ದಾರಿ ಕೇಳುತ್ತಿತ್ತು. ಮೀನು, ಹಕ್ಕಿ, ಗಾಳಿ, ಮನುಷ್ಯ ಎಲ್ಲರೂ ಒಂದೇ ಮಾತು ಆಡುತ್ತಿದ್ದರು. ಹಾಗಾಗಿ ಜಗಳವೂ ಜಾಸ್ತಿ ಇತ್ತು.

ಆ ಹೊಳೆಯ ದಂಡೆಯಲ್ಲಿ ಒಂದು ಕುಲುಮೆ. ಅಲ್ಲಿ ಕಮ್ಮಾರ ಕಾಳಪ್ಪ ಸುತ್ತಿಗೆ ಬಡಿಯುತ್ತಿದ್ದ, ಅವನ ಹೆಂಡತಿ ಮಾನವ್ವ ತಿದಿ ಒತ್ತಿ ಬೆಂಕಿಗೆ ಗಾಳಿ ಊದುತ್ತಿದ್ದಳು. ಹೋರಿಯ ಕೊಂಬು, ಹದ್ದಿನ ಉಗುರು, ಮುಳ್ಳುಹಂದಿಯ ಮುಳ್ಳು ಎಲ್ಲ ಆದದ್ದು ಆ ಕುಲುಮೆಯಲ್ಲೇ.

ಕಾಳಪ್ಪನಿಗೆ ಒಂದೇ ಹೆಮ್ಮೆ. ತನ್ನ ಅಲಗಿನಷ್ಟು ಗಡಸು ಅಲಗು ಇನ್ನೆಲ್ಲೂ ಇಲ್ಲ ಎಂದು. ಮಾನವ್ವನದು ಒಂದೇ ಮಾತು. ಗಡಸಾದರೆ ಸಾಲದು, ಹದ ಬೇಕು ಎಂದು. ಈ ವಿಷಯಕ್ಕೆ ಗಂಡಹೆಂಡತಿ ಬೆಳಗಿನಿಂದ ಸಂಜೆಯವರೆಗೆ ವಾದಿಸುತ್ತಿದ್ದರು. ಊಟದ ಹೊತ್ತಿಗೆ ಮಾತ್ರ ಸ್ವಲ್ಪ ಬಿಡುವು.

ಹೊಳೆಯ ಕೆಸರಿನಲ್ಲಿ ಮೀಸೆಮೀನು ಇದ್ದ. ಮೀಸೆ ದೊಡ್ಡದು, ಮೈ ಸಣ್ಣದು. ಎಲ್ಲ ಮೀನುಗಳಿಗೂ ಹುರುಪೆ ಹಂಚಿದ ದಿನ ಇವನು ಕೆಸರಿನಲ್ಲಿ ನಿದ್ದೆ ಹೊಡೆಯುತ್ತಿದ್ದ. ಎದ್ದು ಹೋಗುವಷ್ಟರಲ್ಲಿ ಬುಟ್ಟಿ ಖಾಲಿ. ಹಾಗಾಗಿ ಇವನ ಮೈ ಬರೀ ನುಣುಪು.

ನುಣುಪು ಮೈ ಎಂದರೆ ಬಕಪಕ್ಷಿಗೆ ಬಲು ಇಷ್ಟ. ಗಂಟಲಲ್ಲಿ ಸಲೀಸಾಗಿ ಜಾರುತ್ತದಲ್ಲ. ಆಗಿನ ಬಕನ ಕತ್ತು ಬಿದಿರಿನ ಗಳದ ಹಾಗೆ ನೆಟ್ಟಗಿತ್ತು. ಅವನು ನೀರಿಗೆ ಕೊಕ್ಕು ಹಾಕಿದರೆ ಮೀನು ಸೀದಾ ಹೊಟ್ಟೆಗೆ. ಮೀಸೆಮೀನಿನ ಅಣ್ಣ ಹೋದ, ಅತ್ತಿಗೆ ಹೋದಳು, ಸೋದರಮಾವ ಹೋದ. ಕೊನೆಗೆ ಮೀಸೆಮೀನಿನ ಹೆಂಡತಿಯೂ ಹೋದಳು. ಉಳಿದದ್ದು ಅವನು ಮತ್ತು ಆಗಷ್ಟೇ ಮೊಟ್ಟೆಯೊಡೆದು ಬಂದ ಮರಿಗಳು.

ಮರಿಗಳನ್ನು ಕಲ್ಲಿನ ಸಂದಿಯಲ್ಲಿ ಬಚ್ಚಿಟ್ಟು ಮೀಸೆಮೀನು ಕುಲುಮೆಯ ಮುಂದೆ ನೀರಿನಿಂದ ತಲೆ ಎತ್ತಿದ. ತನಗೊಂದು ಚಾಕು ಬೇಕು ಎಂದ. ಆದರೆ ಸದಾ ತೆರೆದಿರುವ ಚಾಕು ಬೇಡ. ತೆರೆದೇ ಇದ್ದರೆ ಪಾಚಿಗೆ ಸಿಕ್ಕಿಕೊಳ್ಳುತ್ತದೆ, ಪಕ್ಕದಲ್ಲಿ ಮಲಗಿದ ಮರಿಗಳಿಗೆ ಚುಚ್ಚುತ್ತದೆ. ಬೇಕಾದಾಗ ತೆರೆದು ಬೇಡವಾದಾಗ ಮಡಚುವಂಥದ್ದು ಬೇಕು ಎಂದ.

ಕಾಳಪ್ಪನಿಗೆ ಖುಷಿಯಾಯಿತು. ಅಂಥದ್ದನ್ನು ಅವನು ಅದುವರೆಗೆ ಮಾಡಿರಲಿಲ್ಲ. ಎರಡು ಪುಟ್ಟ ಅಲಗು ಮಾಡಿ, ಕೆಂಪಗೆ ಕಾಯಿಸಿ, ತಣ್ಣೀರಿಗೆ ಅದ್ದಿ ಗಡಸು ಮಾಡಿ, ಮೀನಿನ ಎರಡು ಪಕ್ಕೆಗೆ ಕೂಡಿಸಿದ. ಹಿಂದಕ್ಕೆ ಮಡಚಿದರೆ ಮೈಗೆ ಅಂಟಿಕೊಳ್ಳುತ್ತಿತ್ತು. ಮುಂದಕ್ಕೆ ಎಳೆದರೆ ತೆರೆಯುತ್ತಿತ್ತು. ಮಾನವ್ವ ಅದನ್ನು ಬೆರಳಿನಿಂದ ಮುಟ್ಟಿ ನೋಡಿ, ತೆರೆದದ್ದು ತೆರೆದೇ ನಿಲ್ಲಲು ಚಿಲಕ ಎಲ್ಲಿದೆ ಎಂದು ಕೇಳಿದಳು. ಇಷ್ಟು ಗಡಸು ಅಲಗಿಗೆ ಚಿಲಕ ಯಾಕೆ ಎಂದ ಕಾಳಪ್ಪ.

ಸಂಜೆಗೇ ಬಕ ಮೀಸೆಮೀನನ್ನು ಕಚ್ಚಿದ. ಮೀಸೆಮೀನು ಚಾಕು ತೆರೆದ. ಕೊಕ್ಕು ಒತ್ತಿದ್ದೇ ತಡ, ಚಾಕು ಹಿಂದಕ್ಕೆ ಮಡಚಿಕೊಂಡು ಅವನ ಪಕ್ಕೆಯನ್ನೇ ಕುಯ್ದಿತು. ಅವನು ಮತ್ತೆ ತೆರೆದ, ಅದು ಮತ್ತೆ ಮಡಚಿತು. ಹೀಗೆ ತೆರೆದು ಮಡಚಿ ತೆರೆದು ಮಡಚಿ ಬಕನ ನಾಲಿಗೆಗೆ ಕಚಗುಳಿಯಾಯಿತು. ಬಕ ನಕ್ಕುಬಿಟ್ಟ. ನಕ್ಕಾಗ ಕೊಕ್ಕು ತೆರೆಯಿತು, ಮೀಸೆಮೀನು ನೀರಿಗೆ ಬಿದ್ದ.

ಗಾಯದ ಮೈ ಹೊತ್ತು ಬಂದ ಅವನನ್ನು ನೋಡಿ ಕಾಳಪ್ಪ ಚಿಲಕ ಮಾಡಲು ಕೂತ. ಅಲಗಿನ ಬುಡದಲ್ಲಿ ಒಂದು ಹಲ್ಲು, ಮೀನಿನ ಪಕ್ಕೆಯ ಎಲುಬಿನಲ್ಲಿ ಒಂದು ಕಚ್ಚು. ತೆರೆದರೆ ಹಲ್ಲು ಕಚ್ಚಿನಲ್ಲಿ ಕೂತುಬಿಡುತ್ತಿತ್ತು. ಆಮೇಲೆ ಯಾರು ಒತ್ತಿದರೂ ಮಡಚುತ್ತಿರಲಿಲ್ಲ. ಮೀನೇ ಅಲಗನ್ನು ಒಳಗಿನಿಂದ ಒಂದಿಷ್ಟು ತಿರುಗಿಸಿದರೆ ಮಾತ್ರ ಬಿಡುತ್ತಿತ್ತು. ಕಾಳಪ್ಪ ಮೀನನ್ನು ಕಲ್ಲಿನ ಮೇಲೆ ಕೂಡಿಸಿ, ತೆರೆದ ಚಾಕುವಿನ ತುದಿಗೆ ತನ್ನ ಇಕ್ಕಳ ನೇತುಹಾಕಿದ. ಚಿಲಕ ಅಲ್ಲಾಡಲಿಲ್ಲ. ಚಿಕ್ಕ ಸುತ್ತಿಗೆಯನ್ನೂ ನೇತುಹಾಕಿದ. ಆಗಲೂ ಅಲ್ಲಾಡಲಿಲ್ಲ. ಮೀಸೆಮೀನಿಗೆ ಸಾಮಾನು ತೂಗುಹಾಕುವ ಗೂಟದಂತೆ ನಿಲ್ಲುವುದು ಮುಜುಗರವಾಗಿತ್ತು, ಆದರೂ ತಡೆದುಕೊಂಡ.

ಅಲ್ಲೇ ದಂಡೆಯಲ್ಲಿದ್ದ ಏಡಿ ಇದನ್ನೆಲ್ಲ ನೋಡಿ, ತನ್ನ ಕೊಂಡಿ ಇದಕ್ಕಿಂತ ಗಟ್ಟಿ ಎಂದಿತು. ಹಿಡಿದರೆ ಪ್ರಾಣ ಹೋದರೂ ಬಿಡುವುದಿಲ್ಲ ಎಂದಿತು. ಕಾಳಪ್ಪ ಏಡಿಯ ಕೊಂಡಿಗೂ ಸುತ್ತಿಗೆ ನೇತುಹಾಕಿದ. ಕೊಂಡಿ ಬಿಡಲೇ ಇಲ್ಲ, ಆದರೆ ಕೈಯೇ ಬುಡದಿಂದ ಕಿತ್ತು ಸುತ್ತಿಗೆಯ ಜೊತೆ ಕೆಳಗೆ ಬಿತ್ತು. ಏಡಿ ಅದನ್ನು ಸ್ವಲ್ಪ ಹೊತ್ತು ನೋಡಿ, ಇನ್ನೊಂದು ಬೆಳೆಯುತ್ತದೆ ಬಿಡಿ ಎಂದು ಅಡ್ಡಡ್ಡ ನಡೆದು ಹೋಯಿತು.

ಮರುದಿನ ಬಕ ಮತ್ತೆ ಕಚ್ಚಿದ. ಈ ಸಲ ಚಿಲಕ ನಿಂತಿತು. ಆದರೆ ಕೊಕ್ಕಿನ ಒಂದೇ ಪೆಟ್ಟಿಗೆ ಎರಡು ಅಲಗೂ ಮಡಕೆಯ ಚೂರಿನ ಹಾಗೆ ಟಣ್ಣೆಂದು ಮುರಿದವು. ಮುರಿದ ತುಂಡು ನಾಲಿಗೆಗೆ ಚುಚ್ಚಿ ಬಕ ಉಗುಳಿದ್ದರಿಂದ ಮೀನು ಬದುಕಿದ. ಕುಲುಮೆಗೆ ಬಂದಾಗ ಅವನ ಪಕ್ಕೆಯಲ್ಲಿ ಮೋಟು ಬುಡ ಮಾತ್ರ ಉಳಿದಿತ್ತು. ಅದನ್ನು ನೋಡಿ, ಚಿಲಕ ಮಾತ್ರ ಕೂದಲಷ್ಟೂ ಕದಲಿಲ್ಲ ನೋಡು ಎಂದು ಕಾಳಪ್ಪ ಹೆಂಡತಿಗೆ ತೋರಿಸಿದ.

ಮಾನವ್ವ ತಿದಿ ಬಿಟ್ಟು ಎದ್ದಳು. "ಚಿಲಕ ಗೆದ್ದಿತು, ಅಲಗು ಸತ್ತಿತು. ಇವನ ಮನೆಯಲ್ಲಿ ಮರಿಗಳಿವೆ. ಇನ್ನೊಂದು ಸಲ ಸೋಲೋದಕ್ಕೆ ಇವನು ಉಳಿದಿರೋದಿಲ್ಲ. ಈ ಸಲ ತಿದಿ ನೀವು ಒತ್ತಿ."

ಕಾಳಪ್ಪ ತಿದಿಯ ಹತ್ತಿರ ಕೂತ. ಗೊಣಗುತ್ತಲೇ ಒತ್ತಿದ. ಮಾನವ್ವ ಎರಡು ಅಲಗನ್ನು ಅವನಂತೆಯೇ ಕಾಯಿಸಿ ಅದ್ದಿದಳು. ಆದರೆ ಅಲ್ಲಿಗೆ ಬಿಡಲಿಲ್ಲ. ಮತ್ತೆ ಕೆಂಡದ ಅಂಚಿನಲ್ಲಿಟ್ಟು, ಒಣಹುಲ್ಲಿನ ಬಣ್ಣ ಬರುವವರೆಗೆ ಮೆಲ್ಲಗೆ ಕಾಯಿಸಿ, ಆರಲು ಬಿಟ್ಟಳು. ಗಡಸು ಸ್ವಲ್ಪ ಇಳಿಯಿತು, ತಾಳಿಕೆ ಬಂತು. ಆಮೇಲೆ ಗಂಡ ಮೊದಲೇ ಮಾಡಿಟ್ಟಿದ್ದ ಇನ್ನೊಂದು ಅಲಗನ್ನೂ ತನ್ನದೊಂದನ್ನೂ ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿಟ್ಟು ಎರಡಕ್ಕೂ ಒಂದೊಂದು ಪೆಟ್ಟು ಹಾಕಿದಳು. ಅವನದು ಚೂರಾಯಿತು. ಅವಳದು ಬಳುಕಿ, ನಡುಗಿ, ಮತ್ತೆ ನೆಟ್ಟಗಾಯಿತು.

ಸುತ್ತಿಗೆ ಹಿಡಿದ ರೀತಿ ಸರಿಯಿರಲಿಲ್ಲ ಎಂದ ಕಾಳಪ್ಪ. ಮಾನವ್ವ ತನ್ನ ಎರಡು ಅಲಗಿಗೂ ಗಂಡನ ಚಿಲಕ ಕೂಡಿಸಿ, ಮೀನಿನ ಪಕ್ಕೆಗೆ ಹಾಕಿ ಕಳಿಸಿದಳು.

ಮಾರನೆಯ ಮಧ್ಯಾಹ್ನ ಬಕ ಮೀಸೆಮೀನನ್ನು ಕಂಡ. ಕಚ್ಚಿದರೆ ತಾನೇ ತೊಂದರೆ ಎಂದು ಈ ಸಲ ಕಚ್ಚದೆ ಇಡಿಯಾಗಿ ನುಂಗಿದ. ಗಂಟಲ ನಡುವೆ ಮೀಸೆಮೀನು ಎರಡೂ ಚಾಕು ತೆರೆದ. ಟಕ್ ಟಕ್ ಎಂದು ಚಿಲಕ ಬಿತ್ತು.

ಬಕ ನುಂಗಲು ನೋಡಿದ, ಆಗಲಿಲ್ಲ. ಉಗುಳಲು ನೋಡಿದ, ಆಗಲಿಲ್ಲ. ಕತ್ತನ್ನು ಆ ಕಡೆ ತಿರುಚಿದ, ಈ ಕಡೆ ತಿರುಚಿದ. ಅಲಗು ಬಳುಕಿತೇ ಹೊರತು ಮುರಿಯಲಿಲ್ಲ. ಅವನು ಒದ್ದಾಡುತ್ತ ಹಾರಿ ಕುಲುಮೆಯ ಮುಂದೆ ಬಂದು ಬಿದ್ದ. ಮಾತಾಡಲು ಬಾಯಿ ತೆರೆದರೆ ಒಳಗಿನಿಂದ ಮೀಸೆಮೀನಿನ ಮಾತೇ ಬರುತ್ತಿತ್ತು. ಬಕ ಸಿಟ್ಟಿನಿಂದ ರೆಕ್ಕೆ ಬಡಿದ. ತನ್ನದು ತಪ್ಪಾಯಿತು ಅನ್ನುತ್ತಿದ್ದಾನೆ ಎಂದು ಒಳಗಿನಿಂದ ಮೀಸೆಮೀನು ಅರ್ಥ ಹೇಳಿದ. ಬಕ ಕಾಲು ಕುಟ್ಟಿದ. ಇನ್ನು ಮೇಲೆ ಸೊಪ್ಪು ತಿನ್ನುತ್ತಾನಂತೆ ಎಂದ ಮೀಸೆಮೀನು.

ಕಾಳಪ್ಪನಿಗಂತೂ ಹಬ್ಬ. ತನ್ನ ಚಿಲಕ ಎಷ್ಟು ತಡೆಯುತ್ತದೆ ನೋಡೋಣ ಎಂದು ಇಕ್ಕಳ ತಂದ. ಅದನ್ನು ಬಕನ ಗಂಟಲಿಗೆ ತೂರಿಸಿ ಮೀನಿನ ಬಾಲ ಹಿಡಿದು ಎಳೆದರೆ ಬಕನೂ ಜೊತೆಗೆ ಎಳೆದುಕೊಂಡು ಬಂದ. ಚಿಲಕ ಮಾತ್ರ ಬಿಡಲಿಲ್ಲ.

ಅಷ್ಟರಲ್ಲಿ ಒಳಗಿನ ದನಿ ಸಣ್ಣಗಾಯಿತು. "ಮಾನವ್ವಾ, ಮಡಚಿದರೆ ಹೊಟ್ಟೆಗೆ ಜಾರುತ್ತೇನೆ. ಮಡಚದಿದ್ದರೆ ಇಲ್ಲೇ ಒಣಗುತ್ತೇನೆ. ಮರಿಗಳು ಕಲ್ಲಿನ ಸಂದಿಯಲ್ಲಿವೆ."

ಮಾನವ್ವ ಇಕ್ಕಳ ಕಿತ್ತು ಎಸೆದಳು. ಗಂಡನಿಗೆ ಬಕನ ಎರಡು ಕಾಲು ಹಿಡಿದು ತಲೆಕೆಳಗಾಗಿ ಎತ್ತಲು ಹೇಳಿದಳು. ತಾನು ಕತ್ತು ಹಿಡಿದು ಹೊಳೆಗಿಳಿದು, ಒಂದಿಷ್ಟು ಮೇಲೆ ಬಾ ತಾಯಿ ಎಂದು ಹೊಳೆಯನ್ನು ಕೇಳಿಕೊಂಡಳು. ಹೊಳೆ ತನಗೆ ದಾರಿ ತಿಳಿಯದಿದ್ದರೂ ಇಷ್ಟು ತಿಳಿಯುತ್ತದೆ ಎಂದು ಮೇಲೇರಿ ಬಕನ ಕೊಕ್ಕಿನೊಳಗೆ ನುಗ್ಗಿತು.

"ಈಗ ಹೊಟ್ಟೆ ಮೇಲಿದೆ, ಹೊಳೆ ಕೆಳಗಿದೆ," ಎಂದಳು ಮಾನವ್ವ. "ನಾನು ಹಿಡಿದಿದ್ದೇನೆ. ಮಡಚು."

ಮೀಸೆಮೀನು ಕಣ್ಣು ಮುಚ್ಚಿ ಅಲಗನ್ನು ಒಳಗಿನಿಂದ ತಿರುಗಿಸಿದ. ಕಿರ್ರ್ ಎಂದು ಸದ್ದಾಯಿತು. ಚಿಲಕ ಬಿಟ್ಟಿತು, ಚಾಕು ಮಡಚಿತು, ಅವನು ಜರ್ರನೆ ಜಾರಿ ಹೊರಗೆ ಬಂದ. ಬಂದವನು ಇನ್ನೂ ಬಕನ ಗಂಟಲಲ್ಲೇ ಇದ್ದೇನೆಂದು ಹೆದರಿ ಮತ್ತೆ ಚಾಕು ತೆರೆದ. ಅದು ಮಾನವ್ವನ ಹೆಬ್ಬೆರಳಿಗೆ ನೆಟ್ಟಿತು.

"ಅಯ್ಯೋ, ಚೇಳು ಕಡಿದ ಹಾಗಾಯಿತಲ್ಲೋ," ಎಂದು ಅವಳು ಕೈ ಒದರಿದಳು. ಮೀನು ನಾಚಿಕೆಯಿಂದ ಕೆಸರಿನೊಳಗೆ ಹೋಗಿ ಮರಿಗಳನ್ನು ಎಣಿಸಿದ. ಎಲ್ಲವೂ ಇದ್ದವು. ಅಪ್ಪನ ಪಕ್ಕೆಯಲ್ಲಿದ್ದ ಹಾಗೆಯೇ ಅವುಗಳ ಪಕ್ಕೆಯಲ್ಲೂ ಸಣ್ಣ ಸಣ್ಣ ಚಾಕು ಮೊಳೆಯತೊಡಗಿದ್ದವು. ಅಂದಿನಿಂದ ಅವನ ಹೆಸರು ಚೇಳುಮೀನು ಎಂದಾಯಿತು.

ಕಾಳಪ್ಪ ಯಾವತ್ತೂ ಸೋತೆ ಎಂದು ಹೇಳಲಿಲ್ಲ. ಆದರೆ ಆಮೇಲಿಂದ ಪ್ರತಿ ಅಲಗನ್ನೂ ತಣ್ಣೀರಿಗೆ ಅದ್ದಿದ ಕೂಡಲೇ ಅವನಿಗೆ ಬಾಯಾರಿಕೆಯಾಗುತ್ತಿತ್ತು. ನೀರು ಕುಡಿದು ಬರುತ್ತೇನೆಂದು ಎದ್ದುಹೋಗಿ, ಹೆಂಡತಿ ಹದ ಕೊಟ್ಟು ಮುಗಿಸಿದ ಮೇಲೆಯೇ ಬರುತ್ತಿದ್ದ.

ತಿರುಚಿ ತಿರುಚಿ ಡೊಂಕಾದ ಬಕನ ಕತ್ತು ಮಾತ್ರ ಮತ್ತೆ ನೆಟ್ಟಗಾಗಲೇ ಇಲ್ಲ. ಅದಕ್ಕೇ ಮಗು, ಇಂದಿಗೂ ಬಲೆಯಿಂದ ಚೇಳುಮೀನು ಬಿಡಿಸುವವರು ಪಕ್ಕೆಯ ಮುಳ್ಳಿಗೆ ಕೈ ತಾಗದ ಹಾಗೆ ಹುಷಾರಾಗಿ ಹಿಡಿಯುತ್ತಾರೆ, ಮೀನು ಸತ್ತ ಮೇಲೂ ಆ ಮುಳ್ಳು ತೆರೆದೇ ಇರುತ್ತದೆ, ಮತ್ತು ಬಕಪಕ್ಷಿ ಡೊಂಕು ಕತ್ತು ಹೊತ್ತು ನೀರಿನಲ್ಲಿ ಕದಲದೆ ನಿಂತು, ಕೆಳಗೆ ಹೋಗುತ್ತಿರುವ ಮೀನಿಗೆ ಮೀಸೆ ಇದೆಯೋ ಇಲ್ಲವೋ ಎಂದು ಅಷ್ಟು ಹೊತ್ತು ನೋಡುತ್ತದೆ.