ಕರಡಿರಾಯನ ಜೇನಿನ ಗಡಿಗೆ

ರಕ್ತದಾನಕ್ಕೆ ಯಾರೂ ಬಾರದಿದ್ದಾಗ ಕರಡಿರಾಯ, “ರಕ್ತ ಕೊಟ್ಟವರಿಗೆ ಗಡಿಗೆ ತುಂಬ ಜೇನು!” ಎಂದು ಕಾಡಿಗೆಲ್ಲ ಡಂಗುರ ಹೊಡೆಸಿದ. ನರಿಯಣ್ಣ ಎದ್ದು ಬಿದ್ದು ಓಡಿಬಂದ.

“ಈಚೆಗೆ ಕಾಮಾಲೆ ಏನಾದರೂ ಆಗಿತ್ತೇ?” ರಕ್ತ ತೆಗೆಯುವ ಕೊಕ್ಕರೆಯಮ್ಮ ಕೇಳಿದಳು.

ಕಾಮಾಲೆಯಿಂದ ಹೋದ ವಾರವಷ್ಟೇ ಎದ್ದಿದ್ದ ನರಿಯಣ್ಣ ಗಡಿಗೆಯತ್ತ ನೋಡಿದ. “ನನಗೆಲ್ಲಿಯ ಕಾಮಾಲೆ ತಾಯಿ? ಗುಂಡುಕಲ್ಲಿನ ಹಾಗಿದ್ದೇನೆ!”

ರಕ್ತ ಕೊಟ್ಟು, ಗಡಿಗೆ ಬಗಲಿಗಿಟ್ಟು ಹೊರಡುವಷ್ಟರಲ್ಲಿ, ಕಾಡುಹಂದಿ ತಿವಿದ ಅವನ ಹೆಂಡತಿಯನ್ನೇ ಅಲ್ಲಿಗೆ ಹೊತ್ತು ತಂದರು. ಕೊಕ್ಕರೆಯಮ್ಮ ಆಗತಾನೇ ತುಂಬಿದ ಬಾಟಲಿ ಕೈಗೆತ್ತಿಕೊಂಡಳು.

“ಅದು ಬೇಡ! ಅದು ನನ್ನದು, ಕಾಮಾಲೆಯ ರಕ್ತ!” ನರಿಯಣ್ಣ ಕಿರುಚಿದ. ಗಡಿಗೆ ಜಾರಿ ಚೂರಾಯಿತು.

“ಕೇಳಿದಾಗಲೇ ಹೇಳಬಾರದಿತ್ತೇ?” ಕರಡಿರಾಯ ಗದರಿದ.

“ಬಾಯ ಮುಂದೆ ಜೇನಿಟ್ಟು ನಿಜ ಕೇಳಿದಿರಲ್ಲ, ರಾಯರೇ!”

ಕರಡಿರಾಯ ಈವರೆಗೆ ಒಮ್ಮೆಯೂ ಚಾಚದ ತನ್ನ ತೋಳನ್ನು ಕೊಕ್ಕರೆಯಮ್ಮನ ಮುಂದೆ ಚಾಚಿದ.