ಅಂಬಿಗನ ಬಿಲ್ಲೆ

"ಗುರುಗಳೇ, ಹೊಸದಾಗಿ ಎಸೆಯಲು ಕಲಿಯುವವನು ಮೊದಲು ಯಾವ ಬಿಲ್ಲೆ ಕೊಳ್ಳಬೇಕು? ಯಾವ ಪ್ಲಾಸ್ಟಿಕ್ಕಿನದು?"

ಶಿಷ್ಯನ ಕೈಯಲ್ಲಿ ಒಂದು ಪಟ್ಟಿಯಿತ್ತು. ಅದರಲ್ಲಿ ಅರವತ್ತು ಬಿಲ್ಲೆಗಳ ಹೆಸರುಗಳಿದ್ದವು. ಪ್ರತಿ ಹೆಸರಿನ ಎದುರಿಗೆ ತೂಕ ಎಷ್ಟು, ವೇಗ ಎಷ್ಟು, ಎಷ್ಟು ಹೊತ್ತು ತೇಲುತ್ತದೆ, ಯಾವ ಕಡೆಗೆ ವಾಲುತ್ತದೆ ಎಂಬ ಅಂಕಿಗಳು. ಮೂರು ವಾರದಿಂದ ಅವನು ಈ ಪಟ್ಟಿಯನ್ನು ತಿದ್ದುತ್ತಿದ್ದ. ಇನ್ನೂ ಒಂದು ಬಿಲ್ಲೆಯನ್ನೂ ಎಸೆದಿರಲಿಲ್ಲ.

ತಟ್ಟೆಯಂಥ ಬಿಲ್ಲೆಗಳನ್ನು ಬುಟ್ಟಿಗೆ ಎಸೆಯುವ ಡಿಸ್ಕ್ ಗಾಲ್ಫ್ ಆಟ ಕಲಿಸುತ್ತಿದ್ದ ಗುರು ಪಟ್ಟಿಯನ್ನು ಕೊನೆಯವರೆಗೆ ಓದಿದರು. ಅಕ್ಷರ ದುಂಡಗಿದೆ ಎಂದರು. ಆಮೇಲೆ ಈ ಕತೆ ಹೇಳಿದರು.

ಬಸ್ಸು ಹಿಡಿಯಲು ಹೊರಟ ಒಬ್ಬ ವ್ಯಾಪಾರಿ ಹೆಂಗಸು ದಾರಿ ತಪ್ಪಿ ಹಿನ್ನೀರಿನ ದಂಡೆಯ ಬಯಲಿಗೆ ಬಂದಳು. ಅವಳದು ಅಂಗಿಯ ಗುಂಡಿಗಳ ವ್ಯಾಪಾರ. ಹದಿನೇಳು ದೇಶ ಸುತ್ತಿದ್ದಳು. ಯಾವ ಊರಿನಲ್ಲೂ ಹತ್ತು ದಿನ ನಿಂತವಳಲ್ಲ, ಯಾವ ಊರಿನಲ್ಲೂ ಋಣ ಉಳಿಸಿ ಹೊರಟವಳಲ್ಲ. ಗುಂಡಿಯೊಂದನ್ನು ಹಲ್ಲಿಗೆ ತಾಗಿಸಿ ಇದು ಚಿಪ್ಪು, ಇದು ಕೊಂಬು, ಇದು ಪ್ಲಾಸ್ಟಿಕ್ ಎಂದು ಹೇಳಬಲ್ಲಳು. ಮಾಲು ಆರಿಸುವುದರಲ್ಲಿ ತನಗೆ ಯಾರೂ ಮೋಸಮಾಡಲಾರರು ಎಂಬುದು ಅವಳ ನಂಬಿಕೆ. ಅದು ನಿಜವೂ ಆಗಿತ್ತು. ದಾರಿ ಮಾತ್ರ ಎಲ್ಲ ಊರಿನಲ್ಲೂ ತಪ್ಪುತ್ತಿತ್ತು.

ಬಯಲಿನಲ್ಲಿ ಒಬ್ಬ ಮುದುಕ ಬಿಲ್ಲೆ ಎಸೆಯುತ್ತಿದ್ದ. ಅವನು ಹಿಂದೆ ಅಂಬಿಗ. ಸೇತುವೆ ಆದ ಮೇಲೆ ದೋಣಿ ಮಾರಿದ್ದ. ಅಲ್ಲಲ್ಲಿ ಕಂಬ ನೆಟ್ಟು, ಅದಕ್ಕೆ ಸರಪಳಿ ಇಳಿಬಿಟ್ಟ ಒಂಬತ್ತು ಬುಟ್ಟಿಗಳನ್ನು ಕಟ್ಟಿದ್ದರು. ಆದಷ್ಟು ಕಡಿಮೆ ಎಸೆತಗಳಲ್ಲಿ ಬಿಲ್ಲೆಯನ್ನು ಬುಟ್ಟಿಗೆ ಹಾಕುವುದು ಆಟ. ಉಳಿದ ಆಟಗಾರರ ಹೆಗಲಿನಲ್ಲಿ ಚೀಲ, ಚೀಲದಲ್ಲಿ ಇಪ್ಪತ್ತು ಬಿಲ್ಲೆ. ಅಂಬಿಗನ ಹತ್ತಿರ ಒಂದೇ. ಹುಟ್ಟು ಹಾಕಿ ಹಾಕಿ ಅವನ ಬಲಭುಜ ಸವೆದಿತ್ತು. ಮೆಲ್ಲಗೆ ಎಸೆಯುತ್ತಿದ್ದ. ಬಿಲ್ಲೆ ನೂಲು ಹಿಡಿದಂತೆ ನೇರವಾಗಿ ಹೋಗುತ್ತಿತ್ತು.

ಅವಳು ಬಸ್ ನಿಲ್ದಾಣದ ದಾರಿ ಕೇಳಿದಳು. ಮೂರನೇ ಬುಟ್ಟಿ ದಾಟಿದರೆ ರಸ್ತೆ ಕಾಣುತ್ತದೆ, ಜೊತೆಗೆ ಬಾ ಎಂದ. ಎರಡು ಬುಟ್ಟಿಗಳವರೆಗೆ ಅವಳು ಸುಮ್ಮನೆ ನೋಡಿದಳು. ಮೂರನೆಯದು ಬಂದಾಗ, ಇಷ್ಟು ಸುಲಭದ ಕೆಲಸವನ್ನು ತಾನೂ ಒಮ್ಮೆ ಮಾಡುತ್ತೇನೆಂದು ಕೈ ಚಾಚಿದಳು. ಅವನು ಬಿಲ್ಲೆ ಕೊಟ್ಟ. ಮೆಲ್ಲಗೆ ಎಸಿ ಎಂದ. ಅವಳು ಹುಟ್ಟಿದಾಗಿನಿಂದ ಯಾವುದನ್ನೂ ಮೆಲ್ಲಗೆ ಮಾಡಿರಲಿಲ್ಲ. ಬಿಲ್ಲೆ ಬುಟ್ಟಿಯನ್ನು ಬಿಟ್ಟು ಬಲಕ್ಕೆ ತಿರುಗಿತು, ಹಿನ್ನೀರಿನ ಮೇಲೆ ಬಹಳ ದೂರ ಚೆನ್ನಾಗಿಯೇ ಹಾರಿತು, ಮುಳುಗಿತು.

ಅಂಬಿಗ ಬಿಲ್ಲೆ ಮುಳುಗಿದ ಕಡೆಗೆ ಬೆರಳು ತೋರಿಸಿದ.

"ಅದು ಬಿದ್ದ ಕಡೆ ಕೆಳಗೆ ಮುಳುಗಡೆಯಾದ ಊರಿನ ಬಾವಿ ಇದೆ," ಎಂದ. "ನೀರಿನೊಳಗೂ ಹುಡುಕಿ ಬಾವಿಗೇ ಹಾಕಿದೆಯಲ್ಲ, ತಂಗಿ."

ಆ ಬಯಲಿಗೆ ಒಂದು ಕಟ್ಟಳೆ ಇತ್ತು. ಇನ್ನೊಬ್ಬರ ಬಿಲ್ಲೆ ಕಳೆದವರು ಬಿಲ್ಲೆಯನ್ನೇ ತಂದು ಕೊಡಬೇಕು, ಹಣವನ್ನು ಯಾರೂ ಮುಟ್ಟುವುದಿಲ್ಲ. ತಂದದ್ದನ್ನು ಕಳೆದುಕೊಂಡವನು ಎಸೆದು ನೋಡುತ್ತಾನೆ. ಅವನು 'ಸರಿ' ಎಂದರೆ ಋಣ ತೀರಿತು. ಉಳಿದ ಆಟಗಾರರು ಅವಳನ್ನು ಪಕ್ಕಕ್ಕೆ ಕರೆದು ಇನ್ನೊಂದು ಸಂಗತಿ ಹೇಳಿದರು. ದಿನವೂ ಎಸೆಯದಿದ್ದರೆ ಮುದುಕನ ಭುಜ ಕಟ್ಟಿಕೊಳ್ಳುತ್ತದೆ. ಹೋದ ವರ್ಷ ಜ್ವರದಲ್ಲಿ ಹದಿನೈದು ದಿನ ಮಲಗಿ ಎದ್ದಾಗ ತಲೆ ಬಾಚಿಕೊಳ್ಳಲೂ ಕೈ ಏಳಲಿಲ್ಲ. ನಿಮ್ಮ ಬಿಲ್ಲೆಗಳಲ್ಲೇ ಒಂದನ್ನು ಕೊಡಿ ಎಂದಳು. ಇವಕ್ಕೆಲ್ಲ ಜೋರು ಬೇಕು, ಜೋರು ಹಾಕಿದರೆ ಅವನ ಭುಜ ಹಿಡಿಯುತ್ತದೆ ಎಂದರು. ನೇರ ಹೋಗದ ಬಿಲ್ಲೆಯನ್ನು ಅವನು ಮೂರು ಸಲಕ್ಕಿಂತ ಹೆಚ್ಚು ಎಸೆಯುವವನೂ ಅಲ್ಲವಂತೆ. ಅಂಬಿಗರ ಹಟ ಎಂದರು.

ಪೇಟೆಯಲ್ಲಿ ಬಿಲ್ಲೆ ಮಾರುವ ಅಂಗಡಿಯಿತ್ತು. ಅವಳು ಅದೇ ಹೆಸರು, ಅದೇ ತೂಕ, ಅದೇ ಕೆಂಪು ಬಣ್ಣ ಕೇಳಿದಳು. ಯಾವ ಪ್ಲಾಸ್ಟಿಕ್ ಎಂದು ಅಂಗಡಿಯವನು ಕೇಳಿದ. ಇದ್ದದ್ದನ್ನೆಲ್ಲ ಹಲ್ಲಿಗೆ ತಾಗಿಸಿ ನೋಡಿದಳು. ಗಾಜಿನಂತೆ ಬೆಳಕು ಹಾಯುವ, ಉಗುರು ನಾಟದ, ಎಲ್ಲಕ್ಕಿಂತ ದುಬಾರಿಯಾದದ್ದನ್ನು ಆರಿಸಿದಳು. ಬಾಗಿಲ ಬಳಿಯ ಕುಕ್ಕೆಯಲ್ಲಿ ಬಳಪದಂತೆ ಮಂಕಾದ ಅಗ್ಗದ ಬಿಲ್ಲೆಗಳಿದ್ದವು. ಅವುಗಳನ್ನು ಮುಟ್ಟಲೂ ಇಲ್ಲ.

ಅಂಬಿಗ ಅದನ್ನು ಎಸೆದ. ಬಿಲ್ಲೆ ಅರ್ಧ ದಾರಿಯಲ್ಲಿ ಎಡಕ್ಕೆ ವಾಲಿ ಕಲ್ಲಿನಂತೆ ಬಿತ್ತು. ಮೂರು ಸಲ ಎಸೆದ, ಮೂರು ಸಲವೂ ಹಾಗೆಯೇ. ಮಾಲು ಚೆನ್ನಾಗಿದೆ, ಯಾರದಾದರೂ ಮದುವೆಯಲ್ಲಿ ಮುಯ್ಯಿ ಮಾಡು ಎಂದು ಹಿಂದಕ್ಕೆ ಕೊಟ್ಟ. ಮರುದಿನ ಅವಳು ಇನ್ನೂ ಹಗುರದ್ದನ್ನು ತಂದಳು. ಅದರ ಮರುದಿನ ಅಂಚು ದಪ್ಪಗಿದ್ದದ್ದನ್ನು ತಂದಳು. ಎಲ್ಲವೂ ಎಡಕ್ಕೇ ಬಿದ್ದವು. ನಾಲ್ಕನೆಯ ದಿನ ಅಂಗಡಿಯವನು, ಮುಳುಗಿದ ಬಿಲ್ಲೆ ಎಷ್ಟು ವರ್ಷದ್ದು ಎಂದು ಕೇಳಿದ. ಆರು ವರ್ಷದ್ದಂತೆ ಎಂದಳು.

"ಅದನ್ನು ಮೊದಲೇ ಹೇಳಬಾರದೇ, ಅಕ್ಕ?" ಎಂದ ಅಂಗಡಿಯವನು. "ಆರು ವರ್ಷ ಮರಕ್ಕೆ ಬಡಿದದ್ದು ಅದು. ಅಂಥದ್ದು ನನ್ನ ಅಂಗಡಿಗೆ ಬರುವುದಿಲ್ಲ."

ಅವನು ವಿವರಿಸಿದ. ಈ ಬಿಲ್ಲೆಗಳಿಗೆ ಹೊಸತರಲ್ಲಿ ಎಡಕ್ಕೆ ಎಳೆಯುವ ಚಾಳಿ. ಮರಕ್ಕೆ, ಕಲ್ಲಿಗೆ, ಸರಪಳಿಗೆ ತಾಗಿ ತಾಗಿ ಅಂಚು ಸವೆಯುತ್ತದೆ, ಚಾಳಿ ಇಳಿಯುತ್ತದೆ. ಆಗ ಮೆಲ್ಲಗೆ ಎಸೆದರೂ ನೇರ ಹೋಗುತ್ತವೆ. ಗಾಜಿನಂಥ ಪ್ಲಾಸ್ಟಿಕ್ಕಿಗೆ ಅದು ಬರಲು ಆರು ವರ್ಷ ಬೇಕು. ಕುಕ್ಕೆಯಲ್ಲಿರುವ ಮಂಕು ಪ್ಲಾಸ್ಟಿಕ್ಕಿಗೆ ಆರು ತಿಂಗಳು ಸಾಕು. ಸವೆದದ್ದನ್ನೇ ಎಲ್ಲಾದರೂ ಕೊಳ್ಳಬಹುದೇ ಎಂದು ಅವಳು ಕೇಳಿದಳು. ಸರಿಯಾಗಿ ಸವೆದದ್ದನ್ನು ಯಾರೂ ಮಾರುವುದಿಲ್ಲ, ಮಾರಲು ಬರುವುದೆಲ್ಲ ತಪ್ಪಾಗಿ ಸವೆದದ್ದು ಎಂದ.

ತಾನೇ ಸವೆಸಿಕೊಡುವುದೆಂದು ಅವಳು ಕುಕ್ಕೆಯಿಂದ ಒಂದನ್ನು ತೆಗೆದುಕೊಂಡಳು. ಹಿಟ್ಟಿನ ಗಿರಣಿಯ ಮೇಲಿನ ಕೋಣೆ ಹಿಡಿದಳು. ಗುಂಡಿಗೆ ಕಾದಿದ್ದ ಗಿರಾಕಿಗಳಿಗೆ ತಡವಾಗುತ್ತದೆಂದು ತಿಳಿಸಿದಳು. ಆರು ತಿಂಗಳು ಎಂಬ ಮಾತನ್ನು ಅವಳು ನಂಬಿರಲಿಲ್ಲ. ವ್ಯಾಪಾರದಲ್ಲಿ ಗಡುವು ಎಂದರೆ ಅರ್ಧಕ್ಕೆ ಇಳಿಸಬಹುದಾದದ್ದು. ಒಂದು ಇಡೀ ದಿನ ಬಿಲ್ಲೆಯನ್ನು ಗೋಡೆಗೆ ಬಡಿದಳು. ಸಂಜೆಗೆ ಅದು ಒಂದು ಕಡೆ ಸೊಟ್ಟಗಾಯಿತು. ಎಸೆದರೆ ಕುಡಿದವನಂತೆ ತೂರಾಡಿತು. ಗಿರಣಿಯವನು ಗೋಡೆಯ ಗಾರೆ ಉದುರಿತೆಂದು ಬಂದ. ಅವಳು ಗಾರೆ ಮೆತ್ತಿಸಿಕೊಟ್ಟು, ಕುಕ್ಕೆಯಿಂದ ಎರಡನೆಯದನ್ನು ತಂದಳು.

ಅಂದಿನಿಂದ ಬೆಳಗಿನಿಂದ ಮಧ್ಯಾಹ್ನದವರೆಗೆ ಬಯಲಿನ ಅಂಚಿನ ತೋಪಿನಲ್ಲಿ ಎಸೆದಳು. ಮರಕ್ಕೆ ತಾಗಬಾರದೆಂದು ಎಸೆಯುವ ಆಟಗಾರರಿಗೆ ಮರವೇ ಅಡ್ಡ ಬರುತ್ತಿತ್ತು. ತಾಗಲೆಂದು ಎಸೆಯುವ ಇವಳಿಗೆ ಒಂದು ಮರವೂ ಸಿಗುತ್ತಿರಲಿಲ್ಲ. ಅಂಬಿಗ ದಿನವೂ ಬಂದು ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದ. ಮರ ಎಡಗಡೆ ಇದೆ ಎನ್ನುತ್ತಿದ್ದ. ಅದು ಎದ್ದು ಬರುವುದಿಲ್ಲ, ನೀನೇ ಹೋಗಬೇಕು ಎನ್ನುತ್ತಿದ್ದ. ಬೈಯಲಿಲ್ಲ. ಎರಡನೆಯ ತಿಂಗಳಿನಲ್ಲಿ ಅವನ ಕೈ ಕಿವಿಯವರೆಗೆ ಮಾತ್ರ ಏಳುತ್ತಿತ್ತು. ಮೂರನೆಯ ತಿಂಗಳಿನಲ್ಲಿ ಹೆಗಲವರೆಗೆ. ಅವಳು ಮಧ್ಯಾಹ್ನದ ಮೇಲೂ ಎಸೆಯತೊಡಗಿದಳು.

ಮರಗಳು ಸಿಗತೊಡಗಿದವು. ಆಮೇಲೆ ಯಾವ ಮರ ಬೇಕೋ ಅದೇ ಸಿಗತೊಡಗಿತು. ಬಿಲ್ಲೆಯ ಅಂಚು ಒರಟಾಗಿ, ಆಮೇಲೆ ನುಣ್ಣಗಾಯಿತು. ಎಡಕ್ಕೆ ಬೀಳುವುದು ದಿನದಿಂದ ದಿನಕ್ಕೆ ತಡವಾಯಿತು. ಐದನೆಯ ತಿಂಗಳಿನ ಒಂದು ಬೆಳಿಗ್ಗೆ ಅದು ಎರಡು ಮರಗಳ ನಡುವೆ ನೇರವಾಗಿ ಹೋಗಿ ಬುಟ್ಟಿಯ ಸರಪಳಿಗೆ ತಾಗಿತು. ಅವಳು ಇನ್ನೊಮ್ಮೆ ಎಸೆದಳು. ಹಾಗೆಯೇ ಹೋಯಿತು. ಹದಿನೇಳು ದೇಶಗಳಲ್ಲಿ ಅವಳ ಕೈಗೆ ಇಷ್ಟು ಹೊಂದಿದ ವಸ್ತು ಯಾವುದೂ ಸಿಕ್ಕಿರಲಿಲ್ಲ.

ಆಗಿದೆಯೇ ಎಂದು ಅಂಬಿಗ ಬೆಂಚಿನಿಂದ ಕೇಳಿದ.

ಇನ್ನೂ ಸ್ವಲ್ಪ ದಿನ ಬೇಕು ಎಂದಳು.

ಆಗಲಿ ಎಂದ. ಅವನು ಎರಡು ಎಸೆತವನ್ನೂ ನೋಡಿದ್ದ.

ಒಂಬತ್ತು ದಿನ ಅವಳು ಒಂಬತ್ತು ಬುಟ್ಟಿಗಳಿಗೂ ಆಡಿದಳು. ಮರಗಳನ್ನು ಬಿಟ್ಟಳು; ಇನ್ನು ಸವೆದರೆ ಬಿಲ್ಲೆ ಕೆಡುತ್ತದೆ ಎಂಬುದು ಅವಳಿಗೆ ಈಗ ಗೊತ್ತಿತ್ತು. ಹತ್ತನೆಯ ದಿನ ಯಾರೋ ಅಂಬಿಗನಿಗೆ ಚಹಾ ತಂದುಕೊಟ್ಟರು. ಅವನು ಲೋಟವನ್ನು ಬಲಗೈಯಲ್ಲಿ ತೆಗೆದುಕೊಂಡ. ಅರ್ಧಕ್ಕೆ ಎತ್ತಿದ. ಅಲ್ಲೇ ನಿಲ್ಲಿಸಿ ಎಡಗೈಗೆ ಬದಲಾಯಿಸಿಕೊಂಡು ಕುಡಿದ. ಯಾರ ಕಡೆಗೂ ನೋಡಲಿಲ್ಲ.

ಅವಳು ಆಟ ನಿಲ್ಲಿಸಿ ಬೆಂಚಿನ ಬಳಿಗೆ ಹೋದಳು. ಆಗಿ ಹತ್ತು ದಿನವಾಯಿತು, ಅಜ್ಜ ಎಂದಳು. ಬಿಲ್ಲೆಯನ್ನು ಅವನ ಕೈಗಿಟ್ಟಳು.

ಅಂಬಿಗ ಎದ್ದ. ಭುಜ ಎಷ್ಟು ಎದ್ದಿತೋ ಅಷ್ಟಕ್ಕೇ ಎಸೆದ. ಬಿಲ್ಲೆ ಮೆಲ್ಲಗೆ, ನೂಲು ಹಿಡಿದಂತೆ ಹೋಯಿತು. ಬುಟ್ಟಿಗೆ ನಾಲ್ಕು ಮಾರು ಮೊದಲು ಹುಲ್ಲಿಗಿಳಿಯಿತು. ಹಿಂದೆಲ್ಲ ಅವನ ಎಸೆತ ಬುಟ್ಟಿಯನ್ನು ಮುಟ್ಟುತ್ತಿತ್ತು. ಆ ನಾಲ್ಕು ಮಾರು ಐದು ತಿಂಗಳು ಕಾದದ್ದಕ್ಕೆ ಹೋದದ್ದೋ, ಆ ಹತ್ತು ದಿನಗಳಿಗೆ ಹೋದದ್ದೋ, ಅವನು ಹೇಳಲಿಲ್ಲ. ಅವಳೂ ಕೇಳಲಿಲ್ಲ.

ಸರಿ ಎಂದ ಅಂಬಿಗ. ಋಣ ತೀರಿತು.

ಗುರು ಕತೆ ನಿಲ್ಲಿಸಿದರು. ಶಿಷ್ಯ ಪಟ್ಟಿಯ ಮೇಲೆ ಪೆನ್ನು ಹಿಡಿದ.

"ಅವಳ ಕೈಗೆ ಅಷ್ಟೊಂದು ಹೊಂದಿದ ಬಿಲ್ಲೆ ಯಾವುದು, ಗುರುಗಳೇ? ನಾನೂ ಅದನ್ನೇ ಕೊಳ್ಳುತ್ತೇನೆ."

"ಅಂಗಡಿಯಿಂದ ತಂದ ದಿನ ಅದು ಯಾರ ಕೈಗೂ ಹೊಂದುತ್ತಿರಲಿಲ್ಲ," ಎಂದರು ಗುರು.