ಆಡಿಗಾಗಿ ಮಾಡಿದ ಆನೆ

ಶಂಭುಲಿಂಗನಿಗೆ ಸಿಟ್ಟು ನೆತ್ತಿಗೇರಿತ್ತು. ಆಶ್ರಮದ ಊಟದ ಪಡಸಾಲೆಯ ಗೋಡೆಯ ಮೇಲೆ ಅವನು ಮಣ್ಣಿನಲ್ಲಿ ಹಂಸಗಳ ಸಾಲು ಮೂಡಿಸಿದ್ದ. ಉಣ್ಣಲು ಕೂತವರು ಒರಗಿ ಒರಗಿ ಹಂಸಗಳ ಮೈಗೆಲ್ಲ ತಲೆಯೆಣ್ಣೆ ಮೆತ್ತಿದ್ದರು.

“ಇನ್ನು ಈ ಜನ್ಮದಲ್ಲಿ ಮಣ್ಣು ಮುಟ್ಟೋದಿಲ್ಲ,” ಎಂದ.

ಗುರು ಮೌನಪ್ಪಜ್ಜನಿಗೆ ಸಂಕಟವಾಯಿತು. ಅಂಥ ಕೈ ಸುಮ್ಮನೆ ಕೂರುವುದೆಂದರೇನು! ಆದರೆ ಬುದ್ಧಿ ಹೇಳಿದರೆ ಕೇಳುವ ಆಸಾಮಿಯಲ್ಲ ಶಿಷ್ಯ.

“ಮರುಭೂಮಿಯಲ್ಲಿ ಜೀವೀಬಾಯಿ ಅಂತ ಒಬ್ಬ ಮುದುಕಿ ಇದ್ದಾಳೆ. ಒಂದು ಗುಡ್ಡಕ್ಕೇ ಮಣ್ಣು ಮೆತ್ತಿ ಚಿತ್ತಾರ ಮಾಡಿದ್ದಾಳಂತೆ. ನೋಡಿ ಬರೋಣ, ನಡಿ.”

“ಅಲ್ಲಾದರೂ ಒರಗೋಕೆ ಜನ ಇರಲ್ಲ,” ಎಂದು ಶಂಭುಲಿಂಗ ಹೊರಟ.

ಬಸ್ಸು, ಒಂಟೆಗಾಡಿ, ಕೊನೆಗೆ ಕಾಲ್ನಡಿಗೆ. ದಾರಿಯುದ್ದಕ್ಕೂ ಗೊಣಗಿದವನು ಗುಡ್ಡ ಕಂಡದ್ದೇ ತಡ, ಬಾಯಿ ಮುಚ್ಚಿದ.

ಬುಡದಿಂದ ತುದಿಯವರೆಗೆ ಮಣ್ಣಿನ ಆನೆ, ನವಿಲು, ಮದುವೆಯ ದಿಬ್ಬಣ. ನಡುನಡುವೆ ಕನ್ನಡಿ ಚೂರು. ಅವನ ಕಣ್ಣಲ್ಲಿ ನೀರೇ ಬಂತು.

ಅಷ್ಟರಲ್ಲಿ ಒಂದು ಆಡು ಬಂದು ಆನೆಯ ಹೊಟ್ಟೆಗೆ ಪರಪರ ಮೈ ಉಜ್ಜತೊಡಗಿತು.

“ಏಯ್! ಹುಶ್! ಹುಶ್!” ಶಂಭುಲಿಂಗ ಟವೆಲು ಬೀಸುತ್ತ ಓಡಿದ.

ಗುಡ್ಡದ ಹಿಂದಿನಿಂದ ಮುದುಕಿಯೊಬ್ಬಳು ಬಂದಳು. ಮೊಣಕೈವರೆಗೂ ಕೆಸರು.

“ಯಾರೋ ಅದು, ನನ್ನ ಆಡು ಅಟ್ಟೋನು?”

“ಅಮ್ಮಾ, ನಿಮ್ಮ ಆನೆಗೆ ಮೈ ಉಜ್ಜುತ್ತಿತ್ತು!”

“ಮತ್ತೆಲ್ಲಿ ಉಜ್ಜಬೇಕಪ್ಪ? ಇಲ್ಲಿ ಗಿಡ ಇದೆಯೋ, ಮರ ಇದೆಯೋ? ತುರಿಕೆ ತಾಳಲಾರದೆ ಒದ್ದಾಡ್ತಿತ್ತು ಪಾಪ. ಅದಕ್ಕೇಂತ ಆ ಆನೆ ಮಾಡಿದೆ. ಉಳಿದದ್ದೆಲ್ಲ ಆಮೇಲೆ ಬಂತು.”

ಮೌನಪ್ಪಜ್ಜ ಆ ಕಡೆ ತಿರುಗಿ ಕೆಮ್ಮಿದರು. ಅದು ಕೆಮ್ಮಲ್ಲ ಎಂದು ಶಿಷ್ಯನಿಗೆ ಗೊತ್ತಾಯಿತು.

ಜೀವೀಬಾಯಿ ಅವನ ಬೆರಳು ನೋಡಿದಳು. “ನೀನೂ ಮಣ್ಣಿನವನೇ. ಇಲ್ಲಿಗೆ ಬಂದ ಮಣ್ಣಿನವರು ಒಂದು ಪ್ರಾಣಿ ಮಾಡಿಟ್ಟೇ ಹೋಗಬೇಕು, ಅದು ರೂಢಿ. ಹಿಡಿ.”

ಒದ್ದೆ ಮಣ್ಣು ಅಂಗೈಗೆ ಬಂದು ಬಿತ್ತು. ಶಂಭುಲಿಂಗ ಗುರುವಿನ ಮುಖ ನೋಡಿದ. ಗುರು ಆಕಾಶ ನೋಡುತ್ತಿದ್ದರು. ಮುದುಕಿಯ ಮಾತು ತೆಗೆದುಹಾಕುವುದು ಹೇಗೆ? ಗುಡ್ಡದ ಬುಡಕ್ಕೆ ಇನ್ನಷ್ಟು ಮಣ್ಣು ಮೆತ್ತಿ ಆಡಿನೆತ್ತರದ ಒಂದು ಒಂಟೆ ಮಾಡಿದ. ಅಂಗೈ ಒದ್ದೆ ಮಾಡಿಕೊಂಡು ಉಜ್ಜಿ ಉಜ್ಜಿ ಮೈ ಫಳಫಳ ಎನ್ನಿಸಿದ.

ಒಂಟೆ ಒಣಗಿತು. ಆಡು ಬಂತು, ಮೂಸಿತು, ಒಮ್ಮೆ ಒರಗಿತು. ಜಾರಿತು. ಹಳೆಯ ಆನೆಯ ಕಡೆಗೆ ಹೊರಟುಹೋಯಿತು. ಅದರ ಹಿಂದೆ ಬಂದ ಇನ್ನೊಂದು ಆಡೂ ಹಾಗೇ ಮಾಡಿತು.

ಶಂಭುಲಿಂಗನಿಗೆ ಮುಖಭಂಗವಾಯಿತು. ಅಟ್ಟಿದವನೇ ಈಗ, “ಬಾರೇ ತಾಯಿ, ಇಲ್ಲಿ ಬಾ,” ಎಂದು ಕೊಂಬು ಹಿಡಿದು ಎಳೆದ. ಅದು ಕಾಲೂರಿ ನಿಂತಿತು.

“ನುಣುಪಾಯ್ತು ಮಗಾ,” ಎಂದಳು ಜೀವೀಬಾಯಿ. “ಹೊಟ್ಟು, ದಪ್ಪ ಮರಳು ಕಲಸಿ ಮೇಲೆ ಮೆತ್ತು.”

ಆ ಹೊಳಪನ್ನು ತನ್ನ ಕೈಯಿಂದಲೇ ಕೆಡಿಸಬೇಕೆ? ಆದರೂ ಮೆತ್ತಿದ.

ಮರುದಿನ ಬೆಳಗಿಗೆ ಒಂಟೆ ಗಟ್ಟಿಯಾಗಿತ್ತು. ಆಡು ಬಂದು ಒರಗಿ, ಕಣ್ಣು ಮುಚ್ಚಿ, ಕೊರಳಿಂದ ಬಾಲದವರೆಗೆ ಉಜ್ಜಿಕೊಂಡಿತು. ಶಂಭುಲಿಂಗ ಉಸಿರು ಬಿಗಿಹಿಡಿದು ನೋಡಿದ. ಯಾರ ಹೊಗಳಿಕೆಯಿಂದಲೂ ಅವನಿಗೆ ಇಷ್ಟು ಸಂತೋಷವಾಗಿರಲಿಲ್ಲ.

ಆಡು ಇನ್ನೊಂದು ಮಗ್ಗುಲಿಗೆ ತಿರುಗಿತು. ಕೊಂಬು ತಗುಲಿ ಒಂಟೆಯ ಡುಬ್ಬ ದೊಪ್ಪನೆ ಕೆಳಗೆ ಬಿತ್ತು.

“ಗುರುಗಳೇ, ಡುಬ್ಬ ಮುರಿದೇ ಹೋಯ್ತು!”

“ಹಾಗಾದರೆ ಬೇಗ ಮಣ್ಣು ಕಲಸು,” ಎಂದರು ಮೌನಪ್ಪಜ್ಜ. “ಹಿಂದೆ ಇನ್ನೂ ಆಡುಗಳು ಕಾಯ್ತಿವೆ.”